ವಾಸನೆ ತಿಳಿಯದವರ ಕೋಣೆ

ಶಿವಕುಮಾರಿಯ ಸುದ್ದಿ ಚಂದ್ರವ್ವಳ ಕಿವಿಗೆ ಮೊದಲು ಬಿದ್ದದ್ದು ನಲ್ಲಿಯ ಹತ್ತಿರ, ಅದೂ ನಗೆಚಾಟಿಕೆಯ ಮಾತಾಗಿ. ಮುಂಬಯಿಯ ವಿಕ್ರೋಳಿಯಲ್ಲಿ ಚಂದ್ರವ್ವ ಇದ್ದ ಚಾಳಿನ ವಠಾರಕ್ಕೆ ಇಂಡಿ ಊರಿನ ಕಡೆಯ ವಿಧವೆಯೊಬ್ಬಳು ಮಗಳನ್ನು ಕಟ್ಟಿಕೊಂಡು ಬಾಡಿಗೆಗೆ ಬಂದಿದ್ದಳು. ಲಿಂಗವಂತರ ಹೆಣ್ಣುಮಗಳು, ತತ್ತಿಯನ್ನೂ ಮುಟ್ಟುವವಳಲ್ಲ, ಆದರೆ ದುಡಿಯಲು ಹೋಗುವುದು ಕೋಳಿ ಕಂಪನಿಗೆ ಎಂದು ನೆರೆಮನೆಯ ವಸಂತಿ ಕೊಡ ತುಂಬಿಸುತ್ತ ಹೇಳಿದಳು.

"ಕೋಳಿಗೆ ವಿಭೂತಿ ಹಚ್ಚಿ ಕಳಸ್ತಾಳೇನ?" ಎಂದಳು ಚಂದ್ರವ್ವ. ಪಾಳಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಆ ಮಾತು ಆಡಿದ್ದಕ್ಕೆ ಚಂದ್ರವ್ವ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತಾಳೆ.

ಚಂದ್ರವ್ವ ಗಂಡ ಸತ್ತ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ಬದುಕಿದವಳು. ಮೂರನೆಯ ದಿನ ಶಿವಕುಮಾರಿ ರೊಟ್ಟಿಗೆಂದು ಬಾಗಿಲಿಗೆ ಬಂದಳು. ಮುಂಬಯಿಯ ಮೇ ತಿಂಗಳ ಸೆಖೆಯಲ್ಲಿ ತೋಳಿನ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ನಿಂತವಳನ್ನು ನೋಡಿ ಮುದುಕಿ ಒಳಗೆ ಕರೆದು ಕೂರಿಸಿದಳು. ಕಂಪನಿಯ ಐಸಿನಂಥ ಕೋಣೆಯಲ್ಲಿ ನಿಂತು ನಿಂತು ಅವಳ ಬೆರಳ ತುದಿಗಳು ಸತ್ತಂತಾಗಿದ್ದವು. ಒಲೆಯ ಮುಂದೆ ಅಂಗೈ ಚಾಚಿ, ಬಿಸಿ ತಾಗಿತು ಎಂದು ಅನ್ನಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅಂದಿನಿಂದ ದಿನವೂ ಬಂದಳು. ಬಂದಾಗಲೆಲ್ಲ ಮಗಳು ಸೌಮ್ಯಾಳದೇ ಮಾತು. ಒಂಬತ್ತನೆಯ ಇಯತ್ತೆ, ಇಂಗ್ಲಿಷ್ ಶಾಲೆ, ಕನ್ನಡ ತೊದಲುತ್ತಾಳೆ, ತನ್ನ ಹಾಗೆ ಸ್ವೆಟರ್ ಹೊತ್ತು ತಿರುಗುವ ಹಣೆಬರಹ ಅವಳದಾಗಬಾರದು.

ಹೈವೇ ಪಕ್ಕದ ಆ ಕಂಪನಿ ಕೋಳಿಯ ತುಂಡುಗಳನ್ನು ಡಬ್ಬಿಗೆ ತುಂಬಿ, ಶಾಪಿಂಗ್ ಮಾಲುಗಳಲ್ಲಿ ಝಗಮಗಿಸುವ ಬರ್ಗರ್ ಅಂಗಡಿಗಳಿಗೆ ಕಳಿಸುತ್ತಿತ್ತು. ತಾರೀಖು ಮುಗಿದ ಡಬ್ಬಿಗಳು ವಾಪಸು ಬರುತ್ತಿದ್ದವು. ಹಿಂದಿನ ಕೋಣೆಯಲ್ಲಿ ಆರು ಜನ ಹೆಂಗಸರು ಬಿಸಿನೀರಿನ ಬಟ್ಟೆ ಒತ್ತಿ ಹಳೆಯ ಚೀಟಿ ಕಿತ್ತು ಹೊಸ ತಾರೀಖಿನ ಚೀಟಿ ಹಚ್ಚುತ್ತಿದ್ದರು. ಆರೂ ಜನ ಮಾಂಸ ತಿನ್ನದವರೇ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಸೂಪರ್‌ವೈಜರ್ ಕೇಳಿದ ಮೊದಲ ಪ್ರಶ್ನೆಯೇ ಅದು. ತಿನ್ನುವುದಿಲ್ಲ ಎಂದು ಶಿವಕುಮಾರಿ ತಲೆ ಎತ್ತಿ ಹೇಳಿದ್ದಳು. ತಿನ್ನದವರು ಕದಿಯುವುದಿಲ್ಲ ಎಂದು ಮರ್ಯಾದೆ ಕೊಟ್ಟು ಆರಿಸಿದ್ದಾರೆಂದೇ ಅವಳು ತಿಳಿದಿದ್ದಳು. ಹಳೆಯ ಸರಕು ಐಸಿನಲ್ಲಿದ್ದರೆ ಕೆಡುವುದಿಲ್ಲವೆಂದು ಅವನು ಹೇಳಿದ್ದನ್ನು ನಂಬಿದ್ದಳು.

ಒಂದು ದಿನ ಅವಳ ಸ್ವೆಟರನ್ನು ಬಿಸಿಲಿಗೆ ಹಾಕಲು ಎತ್ತಿಕೊಂಡ ಚಂದ್ರವ್ವ ಮೂಗು ಹಿಂಡಿದಳು.

"ಇದು ಮಾಂಸದ ವಾಸನಿ ಅಲ್ಲವ್ವ. ಕೊಳೆತದ್ದರ ವಾಸನಿ."

"ನನಗ ಎರಡೂ ಒಂದ ಅನಸ್ತಾವ್ರಿ ಆಯಿ."

ಮುಂದಿನ ಭಾನುವಾರ ಸಾರಿಗೆಂದು ತಂದ ಹೊಸ ಕೋಳಿಯ ತುಂಡುಗಳಿದ್ದ ತಾಟನ್ನು ಚಂದ್ರವ್ವ ಅವಳ ಮುಂದೆ ಹಿಡಿದಳು. ಶಿವಕುಮಾರಿ ಸೆರಗನ್ನು ಮೂಗಿನಿಂದ ಒಂದಿಷ್ಟೇ ಸರಿಸಿ ಬಗ್ಗಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತಳು.

"ಇದಕ್ಕ ವಾಸನೀನ ಇಲ್ಲಲ್ರಿ."

ತಿನ್ನದವರನ್ನೇ ಆರಿಸಿ ಆ ಕೋಣೆಗೆ ಯಾಕೆ ಹಾಕಿದ್ದಾರೆಂಬುದು ಅವಳಿಗೆ ಆಗ ಹೊಳೆಯಿತು. ಬಿಟ್ಟುಬಿಡು ಎಂದಳು ಚಂದ್ರವ್ವ. ಬಿಟ್ಟರೆ ಸೌಮ್ಯಾಳ ಶಾಲೆ ಏನಾಗಬೇಕು ಎಂದಳು ಅವಳು. ಎದ್ದು ಹೋಗುವಾಗ, "ನಮ್ಮವರು ಯಾರೂ ತಿನ್ನೂದಿಲ್ಲಲ್ರಿ" ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು.

"ತಿನ್ನೋರೂ ಯಾರೋ ಹಡದ ಮಕ್ಕಳ" ಎಂದು ಬಿಟ್ಟಳು ಮುದುಕಿ. ಎಂಟು ದಿನ ಶಿವಕುಮಾರಿ ರೊಟ್ಟಿಗೆ ಬರಲಿಲ್ಲ. ಒಂಬತ್ತನೆಯ ದಿನ ಬಂದಳು. ಕೆಲಸ ಬಿಟ್ಟಿರಲಿಲ್ಲ. ಇಬ್ಬರೂ ಆ ಮಾತು ಮತ್ತೆ ಎತ್ತಲಿಲ್ಲ.

ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ ಸಂಜೆ ಸೌಮ್ಯಾ ಚಂದ್ರವ್ವಳ ಬಾಗಿಲಿಗೆ ಬಂದಳು. ಗೆಳತಿ ಶುಭಾಂಗಿಯ ಬರ್ತ್‌ಡೇ ಎಂದು ಹುಡುಗಿಯರೆಲ್ಲ ಮಾಲಿಗೆ ಹೋಗಿದ್ದರಂತೆ. ಅಂಗಡಿಯ ಹೆಸರನ್ನೂ ಹೇಳಿದಳು. ಎಲ್ಲರೂ ಚಿಕನ್ ಬರ್ಗರ್ ತಗೊಂಡರಂತೆ, ತಾನೊಬ್ಬಳೇ ಬೇಡ ಎಂದರೆ ನಗುತ್ತಿದ್ದರಂತೆ. ಬಾಯಿಯ ವಾಸನೆ ಹೋಗಲು ಏನಾದರೂ ಕೊಡು ಎಂದು ಕೈ ಚಾಚಿದಳು.

"ಆಯಿ, ಅವ್ವಗ ಹೇಳಬ್ಯಾಡ. ಪ್ರಾಮಿಸ್?"

ಚಂದ್ರವ್ವ ಎರಡು ಲವಂಗ ಕೊಟ್ಟು, ಹುಡುಗಿಯ ಕೆನ್ನೆ ಹಿಂಡಿ ನಕ್ಕಳು. ಆಣೆಯನ್ನೂ ಇಟ್ಟಳು. ಆ ಅಂಗಡಿಗೆ ಡಬ್ಬಿ ಎಲ್ಲಿಂದ ಬರುತ್ತದೆ ಎಂಬ ಯೋಚನೆ ಅವಳ ತಲೆಗೆ ಬರಲೇ ಇಲ್ಲ. ಮುಚ್ಚಿಡಬೇಕಾದದ್ದು ಒಂದು ಮನೆತನದ ಮಾನ ಎಂದಷ್ಟೇ ಅವಳು ಅಂದುಕೊಂಡಳು.

ಮರುದಿನ ಹುಡುಗಿಗೆ ವಾಂತಿ ಭೇದಿ ಹಿಡಿಯಿತು. ಸಂಜೆಗೆ ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಹೊರಗೆ ಏನಾದರೂ ತಿಂದಿದ್ದಾಳೆಯೇ ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಇಲ್ಲ ಸಾಹೇಬ, ನಮ್ಮಲ್ಲಿ ತತ್ತಿ ಕೂಡ ನಡೆಯುವುದಿಲ್ಲ, ರೊಟ್ಟಿ ಪಲ್ಯ ಅಷ್ಟೇ ಎಂದಳು ಶಿವಕುಮಾರಿ, ಆ ಸ್ಥಿತಿಯಲ್ಲೂ ತಲೆ ಎತ್ತಿ. ಕಾಗದದಲ್ಲಿ ಶಾಕಾಹಾರಿ ಎಂದು ಬರೆದುಕೊಂಡರು. ಮಂಚದ ಮೇಲಿನ ಹುಡುಗಿ ಚಂದ್ರವ್ವಳ ಕಡೆಗೇ ನೋಡುತ್ತಿದ್ದಳು. ಚಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನೆ ನಿಂತಳು. ತಾಯಿಯ ಎದುರಿಗೆ, ಅಷ್ಟು ಜನರ ಎದುರಿಗೆ, ಹೇಗೆ ಹೇಳುವುದು?

ಮರುದಿನ ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಡಾಕ್ಟರನ್ನು ವರಾಂಡದಲ್ಲಿ ಅಡ್ಡಗಟ್ಟಿ, ಅರೆಬರೆ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ಅವರು ಓಡಿದರು, ಔಷಧ ಬದಲಿಸಿದರು. ಬುಧವಾರ ಬೆಳಗ್ಗೆ ಸೌಮ್ಯಾ ಹೋದಳು. ಮೊದಲ ದಿನವೇ ಹೇಳಿದ್ದರೆ ಉಳಿಯುತ್ತಿದ್ದಳೇ ಎಂದು ಚಂದ್ರವ್ವ ಕೇಳಿದಾಗ ಡಾಕ್ಟರು ಕೈಯಲ್ಲಿದ್ದ ಕಾಗದ ಮಡಿಸಿ ಮುಂದಿನ ಮಂಚದ ಕಡೆಗೆ ಹೋದರು.

ಮಣ್ಣು ಮಾಡಿ ಬಂದ ಐದನೆಯ ದಿನ ಮುದುಕಿ ಶಿವಕುಮಾರಿಯ ಕೋಣೆಗೆ ಹೋಗಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೊಡೆಯುತ್ತಾಳೆ ಎಂದುಕೊಂಡಿದ್ದಳು. ಹೊಡೆದಿದ್ದರೆ ಹಗುರಾಗುತ್ತಿತ್ತು. ಶಿವಕುಮಾರಿ ಅಂಗಡಿಯ ಹೆಸರು ಕೇಳಿದಳು, ಅಷ್ಟೇ. ಮುದುಕಿ ಹೇಳಿದ ಮೇಲೆ ತನ್ನ ಎರಡು ಅಂಗೈಗಳನ್ನು ನೋಡುತ್ತ ಕೂತಳು. ಆ ಅಂಗಡಿಗೆ ಹೋಗುವ ಡಬ್ಬಿಗಳು ಅವಳ ಮೇಜಿನವೇ.

ಆಸ್ಪತ್ರೆಯ ಕಾಗದ ಹಿಡಿದು ಅವಳು ಸೂಪರ್‌ವೈಜರ್‌ನ ಮುಂದೆ ನಿಂತು ಕೇಳಿದಾಗ ಅವನು ಅದನ್ನು ಓದಿ, ನಿನ್ನ ಮಗಳು ಶಾಕಾಹಾರಿ ಎಂದು ಆಸ್ಪತ್ರೆಯಲ್ಲಿ ನೀನೇ ಬರೆಸಿದ್ದೀಯಲ್ಲ ಎಂದು ಬಾಗಿಲು ತೋರಿಸಿದ. ಬರ್ಗರ್ ಕಂಪನಿಯವರು, ಡಬ್ಬಿಯ ಮೇಲಿನ ತಾರೀಖು ಸರಿಯಾಗಿದೆ, ಮುಂದಿನದು ಸರಕು ಕೊಟ್ಟವರಿಗೆ ಬಿಟ್ಟದ್ದು ಎಂದರು. ಆಹಾರ ಇಲಾಖೆಯ ಆಫೀಸಿನಲ್ಲಿ, ಹುಡುಗಿ ತಿಂದಳೆಂದು ಹೇಳುವವರು ಯಾರು ಎಂದು ಕೇಳಿದರು. ಶುಭಾಂಗಿಯ ಅಪ್ಪ, ಉಳಿದ ಹುಡುಗಿಯರ ಮನೆಯವರು ತಂತಮ್ಮ ಮಕ್ಕಳಿಗೆ ಬಾಯಿ ಬಿಡಬೇಡ ಎಂದುಬಿಟ್ಟಿದ್ದರು.

ಶಿವಕುಮಾರಿ ಚಂದ್ರವ್ವಳ ಬಾಗಿಲಿಗೆ ಬಂದಳು. ಸಾಕ್ಷಿ ಹೇಳಬೇಕೆಂದಳು. ಮುದುಕಿಯ ಕೈ ಹಿಟ್ಟಿನಲ್ಲೇ ನಿಂತಿತು.

"ನಾ ಡಾಕ್ಟರ ಮುಂದ ಬಾಯಿ ಮುಚಗೊಂಡು ನಿಂತದ್ದೂ ಹೇಳಬೇಕಾಗ್ತದಲ್ಲವ್ವ."

"ಹೇಳ್ರಿ. ನಾ ಚೀಟಿ ಹಚ್ಚಿದ್ದು ನಾ ಹೇಳ್ತೀನಿ."

ಇಬ್ಬರೂ ಹೋದರು. ಚಂದ್ರವ್ವ ಹೇಳಿದಳು, ಆಫೀಸಿನವನು ಮರಾಠಿಯಲ್ಲಿ ಬರೆದುಕೊಂಡ. ಅವಳು ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ತಪಾಸಣೆ ನಡೆಯುತ್ತಿದೆ ಎಂದು ಈಗಲೂ ಹೇಳುತ್ತಾರೆ. ಮಾಲಿನ ಅಂಗಡಿ ಒಂದು ದಿನವೂ ಮುಚ್ಚಲಿಲ್ಲ.

ವಾರ ಕಳೆಯುವುದರೊಳಗೆ ಶಿವಕುಮಾರಿ ಗೋರೆಗಾಂವ್‌ನಲ್ಲಿದ್ದ ಅಕ್ಕನ ಮನೆಗೆ ಹೋದಳು, ಮತ್ತೆ ಈ ಕಡೆ ತಿರುಗಲಿಲ್ಲ. ಅವರಿಬ್ಬರ ನಡುವೆ ಕೊನೆಯ ಮಾತಾದದ್ದು ಆ ಆಫೀಸಿನ ಮೆಟ್ಟಿಲ ಮೇಲೆಯೇ. ಸಹಿ ಮಾಡಿ ಹೊರಬಂದು, ಮುದುಕಿಯ ರಟ್ಟೆ ಹಿಡಿದು ಕೆಳಗಿಳಿಸುತ್ತಿದ್ದ ಶಿವಕುಮಾರಿ ನಡುವೆಯೇ ನಿಂತಳು. ಇನ್ನೂ ಒಂದು ಕೇಳುವುದಿದೆ, ಸುಳ್ಳು ಹೇಳಬೇಡಿರಿ ಎಂದಳು.

"ಅಕಿಗೆ ರುಚಿ ಹತ್ತಿತ್ತಂತೇನ್ರಿ, ಆಯಿ?"