ಮಾಮ್ಮನ ಹಿಡಿ ಅಕ್ಕಿ

ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಅಟ್ಟದಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಇಳಿಯಿತು. ತುಕ್ಕು ಹಿಡಿದ ಮುಚ್ಚಳವನ್ನು ಚಮಚದಿಂದ ಮೀಟಿದೆ. ಹಳೆ ಅಕ್ಕಿ ಮತ್ತು ಒಣ ಬೇವಿನೆಲೆಯ ವಾಸನೆ ಬಂತು. ಒಳಗೆ ಒಂದು ಕಾಳೂ ಇರಲಿಲ್ಲ. ತಳದಲ್ಲಿ ನಾಲ್ಕು ಮಡಿಕೆಯ ಒಂದು ಜೆರಾಕ್ಸ್ ಕಾಗದವಿತ್ತು. ಋಷಿಕೊಂಡದ ಹೊಸ ಫ್ಲಾಟಿಗೆ ಇಂಥ ಡಬ್ಬಿಗಳು ಬೇಡವೆಂದು ನನ್ನವರು ಮೊದಲೇ ತಾಕೀತು ಮಾಡಿದ್ದರು...

ಡಬ್ಬಿ ನಮ್ಮ ಮೊದಲ ಬಾಡಿಗೆ ಮನೆಯ ಓನರಮ್ಮನದು. ನಾನು ಬಳ್ಳಾರಿ ಕಡೆಯವಳು, ತೆಲುಗಿನವರ ಮನೆ ಸೊಸೆಯಾಗಿ ವಿಶಾಖಪಟ್ಟಣಕ್ಕೆ ಬಂದಾಗ ಬರ್ಮಾದಿಂದ ಮರಳಿದವರ ಕಾಲನಿಯಲ್ಲಿ ಎರಡು ಕೋಣೆ ಸಿಕ್ಕಿದ್ದವು. ಆಕೆಯನ್ನು ಎಲ್ಲರೂ ಮಾಮ್ಮ ಎನ್ನುತ್ತಿದ್ದರು, ಅಂದರೆ ಅಜ್ಜಿ. ಹುಟ್ಟಿದ್ದು ರಂಗೂನಿನಲ್ಲಿ. ಮಾತು ತೆಲುಗು, ಆದರೆ ಓದಲು ಬರುತ್ತಿದ್ದದ್ದು ಬರ್ಮೀ ಒಂದೇ. ಅವಳು ತೆಲುಗಿನಲ್ಲಿ, ನಾನು ನಮ್ಮೂರ ಕನ್ನಡದಲ್ಲಿ ಮಾತಾಡಿಕೊಂಡು ಜಗಳವನ್ನೂ ಸಲೀಸಾಗಿ ಆಡುತ್ತಿದ್ದೆವು.

ದಿನಾ ಬೆಳಿಗ್ಗೆ ಎಸರಿಗೆ ಅಕ್ಕಿ ಹಾಕುವ ಮೊದಲು ಒಂದು ಹಿಡಿ ತೆಗೆದು ಈ ಡಬ್ಬಿಗೆ ಹಾಕುತ್ತಿದ್ದಳು. ತುಂಬಿದಾಗ ಯಾರಾದರೂ ಇಲ್ಲದವರಿಗೆ ಕೊಡುತ್ತಿದ್ದಳು. ದೇವರ ಹರಕೆ ಇರಬೇಕೆಂದುಕೊಂಡಿದ್ದೆ. ಒಂದು ದಿನ ಹೇಳಿದಳು. ಯುದ್ಧದ ಕಾಲದಲ್ಲಿ ರಂಗೂನಿನ ತೆಲುಗರ ಕೇರಿಯಿಂದ ಗಂಡಸರು ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಸೈನ್ಯ ಸೇರಿದರಂತೆ. ಭಾರತದ ನೆಲವನ್ನು ಕಣ್ಣಿಂದ ಕಾಣದವರೂ ಅದರ ಬಿಡುಗಡೆಗೆಂದು ಹೊರಟಿದ್ದರು. ಹೆಂಗಸರು ಮನೆಮನೆಯಲ್ಲೂ ಹಿಡಿ ಅಕ್ಕಿ ಎತ್ತಿಟ್ಟು ಸೈನ್ಯಕ್ಕೆ ಕಳಿಸುತ್ತಿದ್ದರು. ಮಾಮ್ಮ ಆಗ ಹುಡುಗಿ, ಚೀಲ ಹೊಲಿಯುವ ಕೆಲಸ ಅವಳದು. ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಅವಳ ಅಣ್ಣ ಗಡಿಯ ಕಡೆ ನಡೆದುಹೋದವನು ವಾಪಸು ಬರಲಿಲ್ಲ.

ಅಣ್ಣನ ಹೆಸರು ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಯಲ್ಲಿ ಬರಬೇಕು ಎಂಬುದು ಅವಳ ಒಂದೇ ಆಸೆ. ಅದಕ್ಕೆ ಜೊತೆಯಲ್ಲಿದ್ದ ಸೈನಿಕರೊಬ್ಬರ ಹೇಳಿಕೆ ಬೇಕಿತ್ತು. ಅಂಥವರೊಬ್ಬರು ವಿಜಯವಾಡದ ಒನ್ ಟೌನಿನಲ್ಲಿದ್ದಾರೆಂದು ಯಾರೋ ಹೇಳಿದ್ದೇ ತಡ, ಓದಿ ಹೇಳಲು ಜೊತೆಗೆ ಬಾ ಎಂದು ನನ್ನ ಬೆನ್ನು ಬಿದ್ದಳು. ಕನ್ನಡ ಬಲ್ಲವರಿಗೆ ತೆಲುಗು ಲಿಪಿ ಅಷ್ಟೇನೂ ಕಷ್ಟವಲ್ಲ.

“ಓದ್ತೀನಿ ಮಾಮ್ಮ, ಆದ್ರ ಎತ್ತಿನ ಬಂಡಿ ಹೋದಂಗ ಹೋಗ್ತೈತಿ ನೋಡು” ಎಂದೆ.

ಒನ್ ಟೌನಿನ ಆ ಓಣಿಯಲ್ಲಿ ಸಾಲಾಗಿ ಒಣಮೆಣಸಿನಕಾಯಿಯ ಸಗಟು ಅಂಗಡಿಗಳು. ನಾವಿಬ್ಬರೂ ಸೀನುತ್ತಲೇ ಒಳಗೆ ಹೋದೆವು. ಮುದುಕರು ಗೋಣಿಚೀಲದ ಮೇಲೆ ಕೂತಿದ್ದರು. ಅಣ್ಣನ ಹೆಸರು ಹೇಳಿದೊಡನೆ ಎದ್ದು ನಿಂತರು. ಮಾಮ್ಮ ಕೇಳಿದ್ದು ಒಂದೇ ಮಾತು. “ಮಾ ಬಿಯ್ಯಂ ಅಂದಿಂದಾ?” ನಾವು ಕಳಿಸಿದ ಅಕ್ಕಿ ನಿಮಗೆ ಮುಟ್ಟಿತೇ ಎಂದು. ಅವರು ಕಾಗದ ಎಳೆದುಕೊಂಡು ಬಹಳ ಹೊತ್ತು ಬರೆದರು, ಸಹಿ ಮಾಡಿದರು. ಎಲ್ಲ ಇದರಲ್ಲಿದೆ, ಮನೆಗೆ ಹೋಗಿ ಓದಿಸಿಕೊಳ್ಳಮ್ಮಾ ಎಂದು ಮುಖ ತಿರುಗಿಸಿಕೊಂಡರು.

ಮನೆಯವರೆಗೆ ಕಾಯುವ ಜೀವವೇ ಅದು? ರೈಲು ಗೋದಾವರಿ ಸೇತುವೆ ದಾಟುವ ಮೊದಲೇ “ಚದುವಮ್ಮಾಯ್”, ಓದೇ ಹುಡುಗಿ, ಎಂದು ಕಾಗದವನ್ನು ನನ್ನ ತೊಡೆಯ ಮೇಲಿಟ್ಟಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಾ ಹೋದೆ. ದಳದ ಹೆಸರು, ಕಾಡು, ಮಳೆ, ಹಿಂದಿರುಗುವ ದಾರಿ... ಆಮೇಲೆ ಆ ಸಾಲು ಬಂತು. ಅಕ್ಕಿ ನಮಗೆ ಮುಟ್ಟಲೇ ಇಲ್ಲ, ಸೊಪ್ಪು ಸದೆ ತಿಂದೆವು, ಈಕೆಯ ಅಣ್ಣ ಹಸಿವಿನಿಂದ ಸತ್ತ, ನನ್ನ ಪಕ್ಕದಲ್ಲೇ.

ನಾನು ಓದಿದ್ದು ಬೇರೆ. ಊರಿನಿಂದ ಬಂದ ಅಕ್ಕಿ ಉಂಡು ಹೋರಾಡಿದ, ಗುಂಡು ತಗುಲಿ ಸತ್ತ ಎಂದೆ. ಮಾಮ್ಮ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು.

ಮಾರನೆಯ ಬೆಳಿಗ್ಗೆ ಅವಳು ಹಿಡಿ ಅಕ್ಕಿ ಎತ್ತಿಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮುದುಕಿಯ ಮನಸ್ಸು ತಣಿಯಿತು ಎಂದುಕೊಂಡು, ನಿಜ ಹೇಳುತ್ತೇನೆ, ನನ್ನ ಜಾಣತನಕ್ಕೆ ಒಳಗೊಳಗೇ ಬೀಗಿದೆ. ಮಾಮ್ಮನ ಬಳಿ ಒಂದು ಜೆರಾಕ್ಸ್ ಇರಿಸಿ ಹೇಳಿಕೆಯನ್ನು ಕಚೇರಿಗೆ ಕೊಟ್ಟು ಬಂದೆವು. ಉತ್ತರ ಬರಲಿಲ್ಲ.

ಎರಡು ವರ್ಷದ ನಂತರ ನಾವು ಆ ಮನೆ ಬಿಟ್ಟೆವು. ಹೊರಡುವಾಗ ಮಾಮ್ಮ ಅಕ್ಕಿಯಿಲ್ಲದ ಆ ಡಬ್ಬಿಯನ್ನು ನನ್ನ ಕೈಗಿಟ್ಟಳು. ಅಷ್ಟು ಹೊತ್ತಿಗೆ ನನ್ನಿಂದ ಒಂದಿಷ್ಟು ಕನ್ನಡ ಕಲಿತಿದ್ದಳು.

“ಆವತ್ತು ರೈಲಾಗೆ... ಆ ಒಂದ್ ಸಾಲು ಮಾತ್ರ ನೀನು ಎಲ್ಲೂ ನಿಲ್ಲದಂಗ ಓದಿದಿ, ಅಮ್ಮಾಯ್.”

ಬೈಯಲಿಲ್ಲ, ಅಳಲಿಲ್ಲ. ನನ್ನ ಕೆನ್ನೆ ತಟ್ಟಿ ಒಳಗೆ ಹೋದಳು. ನನಗೆ ನಾಚಿಕೆಯಾಯಿತು. ಎರಡು ವರ್ಷ ಅವಳು ಅದನ್ನು ಒಬ್ಬಳೇ ಇಟ್ಟುಕೊಂಡಿದ್ದಳು, ನನ್ನ ಮುಖ ಉಳಿಸಲು. ಮತ್ತೆ ನೋಡಲು ಹೋಗಬೇಕೆಂದುಕೊಳ್ಳುತ್ತಲೇ ಇದ್ದೆ. ಹೋದದ್ದು ಸುದ್ದಿ ಬಂದ ಮೇಲೆಯೇ.

ಮೊನ್ನೆ ಅಡುಗೆಮನೆಯ ನೆಲದ ಮೇಲೆ ಕೂತು ಆ ಕಾಗದ ಬಿಡಿಸಿದೆ. ಈಗ ನನಗೆ ತೆಲುಗು ಓದುವುದು ನೀರು ಕುಡಿದಷ್ಟು ಸುಲಭ. ಅವಳಿಗೆ ಓದಿ ಹೇಳುವಂತೆಯೇ ಗಟ್ಟಿಯಾಗಿ ಶುರು ಮಾಡಿದೆ. ದಳದ ಹೆಸರು, ಕಾಡು, ಮಳೆ ಎಲ್ಲ ಸರಾಗವಾಗಿ ಬಂದವು. ಆ ಸಾಲಿನ ಹತ್ತಿರ ಬಂದಾಗ ಮಾತ್ರ ಮತ್ತೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಬೇಕಾಯಿತು.