ನಂಜಪ್ಪನವರಿಗೆ ಮಾತ್ರ ಪರೀಕ್ಷೆ ಇರಲಿಲ್ಲ

1998ರಲ್ಲಿ ನಾನು ಹುಣಸೂರಿನ ಒಂದು ಖಾಸಗಿ ಹೊಗೆಸೊಪ್ಪು ಘಟಕದಲ್ಲಿ ಪರ್ಸೊನೆಲ್ ಆಫೀಸರ್ ಆಗಿದ್ದೆ. ಕೆಲಸಗಾರರ ಹಾಜರಿ, ರಜೆ, ಜಗಳ ಎಲ್ಲ ನನ್ನ ತಲೆಗೇ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದ ಬಂದ ಒಣ ಎಲೆಯನ್ನು ನಮ್ಮ ಷೆಡ್ಡಿನಲ್ಲಿ ಬಣ್ಣ ನೋಡಿ ವಿಂಗಡಿಸಿ ಬೇಲ್, ಅಂದರೆ ದೊಡ್ಡ ಮೂಟೆ, ಕಟ್ಟುತ್ತಿದ್ದರು. ಇದಕ್ಕೆ ಗ್ರೇಡಿಂಗ್ ಎಂದು ಹೆಸರು. ನಿಂಬೆ ಹಳದಿಯ ಎಲೆಗೆ ಕಿತ್ತಳೆ ಬಣ್ಣದ್ದು ಬೆರೆತರೆ ಖರೀದಿದಾರರು ಮಾಲು ತಿರಸ್ಕರಿಸುತ್ತಿದ್ದರು.

ಷೆಡ್ಡಿನ ಹಿರಿಯ ಗ್ರೇಡರ್ ನಂಜಪ್ಪನವರು. ಬಿಳಿಕೆರೆ ಹತ್ತಿರದ ಹಳ್ಳಿಯವರು. ಅಲ್ಲಿದ್ದ ಅರ್ಧ ಜನಕ್ಕೆ ಕೆಲಸ ಕಲಿಸಿದವರೇ ಅವರು. ಅವರು ಒಳಗೆ ಬಂದರೆ ಹರಟೆ ನಿಂತು ಎಲ್ಲರೂ ಎದ್ದು ನಿಲ್ಲುತ್ತಿದ್ದರು. ನನಗೆ ಆ ಭಾಗ್ಯ ಇರಲಿಲ್ಲ.

ಆ ವರ್ಷ ನಾನು ಕಾಂಪಿಟೆನ್ಸಿ ಅಸೆಸ್‌ಮೆಂಟ್ ಮಾಡಿಸಲು ಹೊರಟೆ. ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆ, ಎಲ್ಲಿ ನೆರವು ಬೇಕು ಎಂದು ಅಳೆಯುವುದು, ಅಷ್ಟೇ. ಬೆರೆಸಿದ ಎಲೆಯ ರಾಶಿ ಕೊಟ್ಟು ವಿಂಗಡಿಸಲು ಹೇಳುವುದು, ಜೊತೆಗೆ ಕಣ್ಣಿನ ತಪಾಸಣೆ. ನಂಜಪ್ಪನವರ ಹೆಸರು ಕಂಡ ಕೂಡಲೇ ಮಾಲೀಕರು ತಲೆ ಅಲ್ಲಾಡಿಸಿದರು.

"ನಮ್ಮಪ್ಪಾಜಿ ಕಾಲದೋರು ಕಣ್ರೀ. ಅವ್ರನ್ನ ಪರೀಕ್ಷೆಗೆ ಕೂರ್ಸೋದಾ? ಬುಡಿ ಬುಡಿ. ಬೇಕಾದ್ರೆ ಅವ್ರೇ ಪರೀಕ್ಷೆ ಮಾಡ್ಲಿ."

ಕಣ್ಣಿನ ತಪಾಸಣೆಯೊಂದನ್ನಾದರೂ ಮಾಡಿಸೋಣ ಎಂದೆ. ಅದೂ ಬೇಡ ಎಂದರು. ಹಾಗೆ ನಂಜಪ್ಪನವರು ಪರೀಕ್ಷಕರಾಗಿ ಕುರ್ಚಿಯಲ್ಲಿ ಕುಳಿತರು. ಒಬ್ಬೊಬ್ಬರ ರಾಶಿಯ ಮೇಲೂ ಕೈಯಾಡಿಸಿ "ಚೆನ್ನಾಗದೆ" ಎಂದರು. ಮೊನ್ನೆ ಮೊನ್ನೆ ಸೇರಿದ ಹುಡುಗಿಯರ ರಾಶಿಯೂ ಅವರ ಲೆಕ್ಕದಲ್ಲಿ ಚೆನ್ನಾಗಿತ್ತು. ನನಗೆ ಇರುಸುಮುರುಸಾಯಿತು. ಮತ್ತೊಮ್ಮೆ ಮಾಲೀಕರ ಹತ್ತಿರ ಹೋಗಿ ಬೈಸಿಕೊಂಡು ಬಂದೆ.

ಸ್ವಲ್ಪ ದಿನಕ್ಕೆ ಖರೀದಿದಾರರ ಕಡೆಯವನೊಬ್ಬ ಬಂದು, ನಂಜಪ್ಪನವರು ಒಪ್ಪಿ ಕಟ್ಟಿಸಿದ ಬೇಲನ್ನು ಷೆಡ್ಡಿನ ನಡುವೆ ಬಿಚ್ಚಿಸಿದ. ಹಳದಿ, ಕಿತ್ತಳೆ ಎಲ್ಲ ಕಲಸುಮೇಲೋಗರ. "ಇದನ್ನ ನೋಡಿದೋರು ಯಾರ್ರೀ? ಕಣ್ಣಿಲ್ವಾ?" ಎಂದು ಕೂಗಾಡಿದ. ನಂಜಪ್ಪನವರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಹೊರಟವರು ಮರುದಿನ ಬರಲಿಲ್ಲ.

ಮಗಳ ಬಾಣಂತನಕ್ಕೆಂದು ರಜೆ ಹಾಕಿದ್ದ ಗೌರಮ್ಮ ಆ ವಾರ ಕೆಲಸಕ್ಕೆ ಮರಳಿದಳು. ನಂಜಪ್ಪನವರ ಪಕ್ಕವೇ ಕೂರುತ್ತಿದ್ದವಳು. ಸುದ್ದಿ ಕೇಳಿ ಅತ್ತುಬಿಟ್ಟಳು. "ಅವ್ರ ರಾಶೀಲಿ ತಪ್ಪಿದ್ದ ಎಲೆಯ ನಾನೇ ಆರಿಸಿ ತಗೀತಿದ್ದೆ ಸಾರ್. ಕಣ್ಣು ಕಾಣ್ದು ಅಂತ ಎಲ್ಲಾರ್ಗೂ ಗೊತ್ತಿತ್ತು. ದೊಡ್ಡೋರು, ಎಂಗೆ ಹೇಳಾದು?"

ನಾನು ಅವರ ಊರಿಗೆ ಹೋದೆ. ಬಲವಂತ ಮಾಡಿ ಮೈಸೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿದರೆ ವಾಸಿಯಾಗುವ ಮಾಮೂಲಿ ತೊಂದರೆ. ಒಂದಾದ ಮೇಲೊಂದು ಎರಡೂ ಆಪರೇಷನ್ ಆಗಿ ದೃಷ್ಟಿ ಮರಳಿತು. ಕೆಲಸಕ್ಕೆ ಬನ್ನಿ ಎಂದು ಕರೆಯಲು ಹೋದರೆ ಜಗುಲಿಯ ಮೇಲೆ ಹುರುಳಿಯಿಂದ ಕಲ್ಲು ಆರಿಸುತ್ತಿದ್ದರು. ಕೈ ಸ್ವಲ್ಪವೂ ತಡವರಿಸುತ್ತಿರಲಿಲ್ಲ. ನನಗೆ ಖುಷಿಯಾಯಿತು.

"ಕಣ್ಣು ಬಂತು ಸಾರ್, ನಿಮ್ಮ ಪುಣ್ಯ. ಆದ್ರೆ ಅಷ್ಟು ಜನ್ರ ಮುಂದೆ ಮಾನ ಓಯ್ತಲ್ಲ, ಅದ ಎಲ್ಲಿಂದ ತರ್ಲಿ? ನಾ ಬರಾಕಿಲ್ಲ."

"ಕಣ್ಣು ಮಂಜಾಗಿದೆ ಅಂತ ಮೊದಲೇ ಹೇಳಬಾರದಿತ್ತಾ ನಂಜಪ್ಪನವರೇ?"

"ಎಂಗೆ ಹೇಳ್ಲಿ ಸಾರ್? ನೀವು ಪರೀಕ್ಷೆ ಮಾಡ್ತೀರಿ ಅಂದಾಗ ಒಳಗೊಳಗೇ ಸಮಾಧಾನ ಆಗಿತ್ತು. ಎಲ್ಲಾರ ಜೊತೆ ನನ್ನೂ ಕೂರ್ಸ್ತಾರೆ, ತಾನಾಗೇ ಗೊತ್ತಾಯ್ತದೆ ಅನ್ಕಂಡಿದ್ದೆ. ನೋಡುದ್ರೆ ಕುರ್ಚಿ ಹಾಕ್ಬುಟ್ರಿ."

ಮಾಲೀಕರಿಗೆ, ಗೌರಮ್ಮನಿಗೆ, ಷೆಡ್ಡಿನ ಯಾರಿಗೂ ಅವರ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ, ಆ ಪ್ರೀತಿಯೇ ಅವರನ್ನು ಯಾರೂ ಕೇಳದಂತೆ ಮಾಡಿತ್ತು. ಮರುವರ್ಷದಿಂದ ಮಾಲೀಕರು ಯಾರಿಗೂ ವಿನಾಯಿತಿ ಕೊಡಲಿಲ್ಲ. ಪರೀಕ್ಷೆ ಅವಮಾನ ಎಂದು ಯಾರಾದರೂ ಗೊಣಗಿದರೆ ನಾನು ಒಂದೇ ಮಾತು ಹೇಳುತ್ತಿದ್ದೆ: ತಾವಾಗಿ ಬಾಯಿ ಬಿಟ್ಟು ಹೇಳಲಾರದವರನ್ನೇ ನಾವು ಮೊದಲು ಕೇಳಬೇಕು.