ಟ್ರಾನ್ಸ್‌ಬ್ರೇಕಿಗೆ ಒಂದು ತಳ್ಳು

ಡ್ರ್ಯಾಗ್ ರೇಸಿನ ಆಸೆಗೆ ನನ್ನ ಹಳೇ ಆಟೊಮ್ಯಾಟಿಕ್ ಕಾರಿಗೆ ಆರು ತಿಂಗಳು ಕೂತು ನಾನೇ ಮಾಡಿದ ಟ್ರಾನ್ಸ್‌ಬ್ರೇಕನ್ನು ಇವತ್ತು ದೇವನೂರಿನಾಚೆಯ ಖಾಲಿ ರಸ್ತೆಯಲ್ಲಿ ಪರೀಕ್ಷಿಸಿದೆ, ಗೆಳೆಯರೇ. ಅದಕ್ಕೆ ಸ್ವಿಚ್ಚಾಗಿ ಜೋಡಿಸಿದ ಕಾಲಿಂಗ್ ಬೆಲ್ಲಿನ ಗುಂಡಿ ಒತ್ತಿ ಹಿಡಿದರೆ ಗೇರ್‌ಬಾಕ್ಸ್ ಬಿಗಿದು ಕಾರು ನಿಲ್ಲಬೇಕು, ಬಿಟ್ಟೊಡನೆ ಹಾರಬೇಕು.

ಒತ್ತಿ ಆಕ್ಸಿಲರೇಟರ್ ತುಳಿದೆ. ಇಂಜಿನ್ ಅಬ್ಬರಿಸಿದರೂ ಕಾರು ಕದಲಲಿಲ್ಲ. ಬಿಸಿಲಲ್ಲಿ ರಸ್ತೆ ನೀರಿನಂತೆ ತೇಲುತ್ತಿತ್ತು, ನಾನೂ ತೇಲುತ್ತಿದ್ದೆ.

"ಸಿಕ್ಕಾಕ್ಕೊಂಡೈತೇನಪ್ಪಾ? ತಡಿ, ತಳ್ತೀನಿ" ಎಂದು ಯಾರೋ ಕೂಗಿದರು. ಕನ್ನಡಿಯಲ್ಲಿ ನೋಡಿದರೆ, ಹೊಲದಿಂದ ಬಂದ ಯಜಮಾನರೊಬ್ಬರು ಡಿಕ್ಕಿಗೆ ಎರಡೂ ಕೈ ಊರಿದ್ದರು. ಗಾಬರಿಯಲ್ಲಿ ಗುಂಡಿಯಿಂದ ಬೆರಳು ಜಾರಿತು. ಕಾರು ಹಾರಿತು.

ತಿರುಗಿಸಿಕೊಂಡು ಬಂದಾಗ ಅವರು ತಮ್ಮ ಅಂಗೈಗಳನ್ನೇ ನೋಡುತ್ತ ನಿಂತಿದ್ದರು. "ಒಂದೇ ತಳ್ಳಿಗೆ ಹೋಯ್ತಲ್ಲಪ್ಪಾ" ಎಂದರು ಮೆಲ್ಲಗೆ.

ಗುಂಡಿಯ ವಿಷಯ ಹೇಳಲು ಮನಸ್ಸಾಗಲಿಲ್ಲ. ನನ್ನ ಆರು ತಿಂಗಳ ಕೆಲಸ ಈಗ ಆ ಅಂಗೈಗಳಿಗೆ ಸೇರಿದೆ.